ಪಾಠಕ್ಕೆ ಮುನ್ನಿನ ಪಾಠ

ಹರಪನಹಳ್ಳಿ ತಾಲ್ಲೂಕಿನ ಚಿಗಟೇರಿಯು ನಾರದಮುನಿಯ ಕ್ಷೇತ್ರವೆಂದು ಸುತ್ತಣ ಸೀಮೆಯಲ್ಲೆಲ್ಲ ಹೆಸರಾದ ಊರು. ನಾರದನೆಂದೊಡನೆ ವೀಣೆ, ತ್ರಿಲೋಕ ಸಂಚಾರ, ಕಲಹಪ್ರಿಯತೆ ಇವೇ ಜನರ ನೆನಪಿಗೆ ಬರುವುದು ವಾಡಿಕೆ. ಆದರೆ ಛಾಂದೋಗ್ಯೋಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ಕಾಣಿಸಿಕೊಳ್ಳುವ ನಾರದನು ಬೇರೆ. ಅಲ್ಲಿ ಅವನು ವಿದ್ಯಾರ್ಥಿ. ಉಪದೇಶವನ್ನು ಬೇಡಿ ಬಂದ ಅವನಿಗೆ ಸನತ್ಕುಮಾರನು ಒಡನೆಯೇ ಪಾಠವನ್ನು ಹೇಳತೊಡಗುವುದಿಲ್ಲ. ಈಗಾಗಲೇ ತಿಳಿದಿರುವುದೇನೆಂಬುದನ್ನು ಮೊದಲು ತಿಳಿಸು, ಅದರಿಂದ ಮುಂದಿನದನ್ನು ಆಮೇಲೆ ಹೇಳುವೆನೆಂಬುದು ಆ ಗುರುವಿನ ಮಾತಿನ ಸಾರ. ನಾರದನು ವೇದಗಳಿಂದ ಮೊದಲ್ಗೊಂಡು ಗಣಿತ, ತರ್ಕ, ನಕ್ಷತ್ರವಿದ್ಯೆಗಳವರೆಗೆ ತಾನು ಓದಿದುದನ್ನೆಲ್ಲ ಎಣಿಸಿ ಹೇಳಿ, ಇಷ್ಟನ್ನು ಓದಿಯೂ ತನ್ನ ಶೋಕ ನೀಗಲಿಲ್ಲವೆಂದು ಒಪ್ಪಿಕೊಳ್ಳುತ್ತಾನೆ. ಪಾಠ ಆರಂಭವಾಗುವುದು ಅಲ್ಲಿಂದ. ನಾಮದಿಂದ ವಾಕ್ಕಿಗೆ, ವಾಕ್ಕಿನಿಂದ ಮನಸ್ಸಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ ಅದು ಭೂಮವೆಂಬ ತತ್ತ್ವವನ್ನು ಮುಟ್ಟುತ್ತದೆ. ಇದಕ್ಕಿಂತ ಹಿರಿದಾದುದು ಉಂಟೇ ಎಂದು ಕೇಳಿ ಕೇಳಿ ಆ ಪಾಠವನ್ನು ಮುಂದಕ್ಕೆ ನಡೆಸುವವನು ಶಿಷ್ಯನೇ.

ಈ ಪ್ರಸಂಗದಲ್ಲಿ ಅಧ್ಯಾತ್ಮವಿರುವಂತೆಯೇ ಅಧ್ಯಾಪನಶಾಸ್ತ್ರವೂ ಇದೆ. ಗುರುವಿಗೆ ಶಿಷ್ಯನ ಪೂರ್ವಜ್ಞಾನದ ಅರಿವುಂಟು. ಪಾಠ ಮುಟ್ಟಬೇಕಾದ ಕೊನೆಯ ನೆಲೆ ಯಾವುದೆಂಬುದು ಆರಂಭದಲ್ಲೇ ಗೊತ್ತುಂಟು. ನಡುವಣ ಮೆಟ್ಟಿಲುಗಳಿಗೆ ಕ್ರಮವುಂಟು. ಒಂದೊಂದು ಮೆಟ್ಟಿಲನ್ನೂ ಏರಿಸುವುದು ಶಿಷ್ಯನ ಪ್ರಶ್ನೆ. ಇಂದಿನ ಶಿಕ್ಷಣಶಾಸ್ತ್ರದಲ್ಲಿ 'ಘಟಕ ಯೋಜನೆ' ಎಂದು ಕರೆಯಲಾಗುವುದರ ಜೀವಾಳ ಈ ನಾಲ್ಕರಲ್ಲಿಯೇ ಅಡಗಿದೆ. ಆದುದರಿಂದ ಘಟಕ ಯೋಜನೆಯೆಂಬುದು ತರಬೇತಿ ಕಾಲೇಜಿನವರು ಹೊರಗಿನಿಂದ ತಂದು ಹೇರಿದ ಹೊರೆಯೆಂದು ಭಾವಿಸುವ ಹಿರಿಯ ಅಧ್ಯಾಪಕರೂ, ಅದು ಪರದೇಶದ ಹೊಸ ಶೋಧವೆಂದು ಬೀಗುವ ಕಿರಿಯ ಅಧ್ಯಾಪಕರೂ ಸಮಾನವಾಗಿ ತಪ್ಪು ತಿಳಿದಿದ್ದಾರೆ ಎನ್ನಬೇಕಾಗುತ್ತದೆ.

ಘಟಕವೆಂದರೇನು? ಒಂದು ಅವಧಿಯಲ್ಲಿ ಮುಗಿಯುವುದು ಪಾಠ. ಒಂದೇ ಮುಖ್ಯ ವಿಚಾರವನ್ನು ಆಶ್ರಯಿಸಿ ಎರಡು ಮೂರು ವಾರಗಳ ಕಾಲ ಒಂದರಿಂದೊಂದು ಹುಟ್ಟುತ್ತ ನಡೆಯುವ ಪಾಠಗಳ ಸಮೂಹ ಘಟಕ. ಬಿಡಿ ಹೂಗಳಿಗೂ ಮಾಲೆಗೂ ಇರುವ ಅಂತರವೇ ಇವೆರಡಕ್ಕೂ ಇದೆ. ಕನ್ನಡ ಸಾಹಿತ್ಯದಲ್ಲಿ ಇದಕ್ಕೆ ಉಜ್ವಲವಾದ ನಿದರ್ಶನವೊಂದಿದೆ. ಹನ್ನೆರಡನೆಯ ಶತಮಾನದ ಶರಣರ ವಚನಗಳು ಬಿಡಿಬಿಡಿಯಾಗಿ ಹುಟ್ಟಿದವು. ಹದಿನೈದನೆಯ ಶತಮಾನದಲ್ಲಿ ಶೂನ್ಯಸಂಪಾದನೆಯನ್ನು ಕಟ್ಟಿದವರು ಅವುಗಳನ್ನು ಆರಿಸಿ, ಪ್ರಶ್ನೆಗೆ ಉತ್ತರವಾಗುವಂತೆ, ಉತ್ತರದಿಂದ ಮತ್ತೊಂದು ಪ್ರಶ್ನೆ ಮೂಡುವಂತೆ ಸಂವಾದರೂಪದಲ್ಲಿ ಜೋಡಿಸಿದರು. ವಚನಗಳು ಹಿಂದಿನವೇ ಆದರೂ ಆ ಜೋಡಣೆಯಿಂದ ಬಿಡಿಯಾಗಿದ್ದಾಗ ಕಾಣದ ಅರ್ಥಗಳು ಬೆಳಗಿದವು. ಪಠ್ಯಪುಸ್ತಕದ ಪಾಠಗಳನ್ನು ಕೈಗೆತ್ತಿಕೊಳ್ಳುವ ಅಧ್ಯಾಪಕರ ಕೆಲಸವೂ ಇದೇ ಜಾತಿಯದು. ಪುಸ್ತಕವನ್ನು ಅವರು ಬರೆದಿಲ್ಲ; ಆದರೆ ಜೋಡಣೆ ಅವರದು.

ಇಂಥ ಮಹತ್ತ್ವದ ಕಾರ್ಯವು ಇಂದು ಶಾಲೆಗಳಲ್ಲಿ ಯಾವ ಅವಸ್ಥೆಯಲ್ಲಿದೆಯೆಂಬುದು ಅಧ್ಯಾಪಕ ವೃಂದಕ್ಕೆ ತಿಳಿಯದ ವಿಷಯವಲ್ಲ. ವಾರ್ಷಿಕ ಯೋಜನೆ, ಘಟಕ ಯೋಜನೆ, ಪಾಠ ಟಿಪ್ಪಣಿ ಎಂದು ಮೂರು ಬಗೆಯ ದಾಖಲೆಗಳನ್ನು ಬರೆಯಬೇಕು. ಸಾಮಾನ್ಯ ಉದ್ದೇಶ, ನಿರ್ದಿಷ್ಟ ಉದ್ದೇಶ, ಪಾಠೋಪಕರಣ, ಮೌಲ್ಯಮಾಪನ, ಗೃಹಪಾಠ ಎಂಬ ಅಂಕಣಗಳು ಹಿಂದಿದ್ದವು; ಈಚೆಗೆ ತೊಡಗಿಸುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಮಾಡುವುದು ಎಂಬ ಐದು ಹಂತಗಳು ಬಂದಿವೆ. ಅಂಕಣಗಳಲ್ಲಿ ದೋಷವಿಲ್ಲ. ಹೋದ ವರ್ಷದ ಪುಸ್ತಕವನ್ನು ನೋಡಿ ಈ ವರ್ಷದ ಪುಸ್ತಕಕ್ಕೆ ಇಳಿಸುವುದು, ಅಥವಾ ಯಾರೋ ಸಿದ್ಧಪಡಿಸಿದ ಯೋಜನೆಯನ್ನು ಮೊಬೈಲಿನಿಂದ ಮುದ್ರಿಸಿ ಅಂಟಿಸುವುದು, ಮುಖ್ಯೋಪಾಧ್ಯಾಯರ ಸಹಿ ಬಿದ್ದೊಡನೆ ಕಪಾಟಿನಲ್ಲಿರಿಸುವುದು, ಇವು ದೋಷ. ಬಿಸಿಲಲ್ಲಿ ದುಡಿದು ಬಂದ ತಂದೆತಾಯಿಗಳು ಮಗುವನ್ನು ನಂಬಿ ಒಪ್ಪಿಸಿದ ನಲವತ್ತು ನಿಮಿಷಗಳ ಅವಧಿಗೆ ಆ ಕಪಾಟಿನ ಪುಸ್ತಕದಿಂದ ಆಗುವ ಉಪಕಾರ ಏನೂ ಇಲ್ಲ.

ಯೋಜನೆಯಿಲ್ಲದ ಬೋಧನೆಯ ಫಲವನ್ನು ತೋರಿಸಿಕೊಡಲು ಬಹುದೂರ ಹೋಗಬೇಕಾಗಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ 2023ರಲ್ಲಿ ರಾಜ್ಯದ ಶೇಕಡ 83.89ರಷ್ಟು ವಿದ್ಯಾರ್ಥಿಗಳು ತೇರ್ಗಡೆಯಾಗಿದ್ದರು. ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮೂಲಕ ಕಣ್ಗಾವಲು ನಡೆಸಿದ 2024ರ ಮೊದಲ ಪರೀಕ್ಷೆಯಲ್ಲಿ, ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆಯೂ, ಅದು 73.40ಕ್ಕೆ ಇಳಿಯಿತು. ಈ ಅಂತರಕ್ಕೆ ಕಾರಣಗಳು ಹಲವಿರಬಹುದು. ಆದರೆ ಮಾರ್ಗದರ್ಶಿ ಪುಸ್ತಕದ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವುದನ್ನೇ ಬೋಧನೆಯೆಂದು ಕರೆಯುತ್ತ ಬಂದ ಅಭ್ಯಾಸವು ಆ ಹತ್ತು ಅಂಕೆಗಳ ಕುಸಿತದಲ್ಲಿ ತನ್ನ ಮುಖವನ್ನು ನೋಡಿಕೊಳ್ಳಬೇಕಾದುದು ನ್ಯಾಯ. ಕಂಠಪಾಠವೇ ಸಲ್ಲದೆಂದು ಇದರ ಅರ್ಥವಲ್ಲ. ಅಮರಕೋಶವನ್ನೂ ವ್ಯಾಕರಣ ಸೂತ್ರಗಳನ್ನೂ ಕಂಠಸ್ಥ ಮಾಡಿಸಿದ ಪರಂಪರೆಯೇ ಅವುಗಳ ಮೇಲೆ ವರ್ಷಗಟ್ಟಲೆ ವ್ಯಾಖ್ಯಾನ, ಆಕ್ಷೇಪ, ಸಮಾಧಾನಗಳನ್ನೂ ನಡೆಸುತ್ತಿತ್ತು. ಈಗ ಉಳಿದಿರುವುದು ಪೂರ್ವಾರ್ಧ ಮಾತ್ರ.

ಹಾಗಾದರೆ ಉತ್ತಮ ಘಟಕವನ್ನು ಕಟ್ಟುವ ಬಗೆ ಯಾವುದು? ಪ್ರಾಚೀನ ಶಾಸ್ತ್ರಕಾರರು ಗ್ರಂಥಾರಂಭದಲ್ಲಿ ನಾಲ್ಕು ಸಂಗತಿಗಳನ್ನು ನಿರ್ಣಯಿಸಿಕೊಳ್ಳದೆ ಮುಂದಡಿಯಿಡುತ್ತಿರಲಿಲ್ಲ: ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ. ಇವನ್ನು ಅನುಬಂಧ ಚತುಷ್ಟಯವೆನ್ನುತ್ತಾರೆ. ಯಾರಿಗಾಗಿ ಈ ಪಾಠ, ಏನನ್ನು ಕುರಿತು, ಹಿಂದಿನದಕ್ಕೂ ಮುಂದಿನದಕ್ಕೂ ಇದರ ಹೊಂದಿಕೆ ಹೇಗೆ, ಕೊನೆಗೆ ಓದಿದವನಿಗೆ ಆಗುವುದೇನು ಎಂಬ ಈ ನಾಲ್ಕು ಪ್ರಶ್ನೆಗಳಿಗೆ ಒಂದು ಪುಟದಲ್ಲಿ ಪ್ರಾಮಾಣಿಕವಾಗಿ ಉತ್ತರ ಬರೆದುಕೊಂಡ ಅಧ್ಯಾಪಕರಿಗೆ ಮೂವತ್ತು ಪುಟಗಳ ದಫ್ತರ ಬೇಕಾಗುವುದಿಲ್ಲ.

ಇವುಗಳಲ್ಲಿ ಕೊನೆಯದಾದ ಪ್ರಯೋಜನವನ್ನೇ ಮೊದಲು ನಿಶ್ಚಯಿಸಿಕೊಳ್ಳಬೇಕೆಂಬುದು ವಿಶೇಷವಾಗಿ ಗಮನಿಸತಕ್ಕ ಮಾತು. ಅಮೆರಿಕದ ಗ್ರಾಂಟ್ ವಿಗ್ಗಿನ್ಸ್ ಮತ್ತು ಜೇ ಮ್ಯಾಕ್‌ಟೈ ಎಂಬ ಶಿಕ್ಷಣತಜ್ಞರು 1998ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನೇ ಹಿಮ್ಮುಖ ಯೋಜನೆಯೆಂಬ ಹೆಸರಿನಿಂದ ಪ್ರತಿಪಾದಿಸಿದರು. ಘಟಕದ ಕೊನೆಯಲ್ಲಿ ವಿದ್ಯಾರ್ಥಿಯು ಏನನ್ನು ಅರಿತಿರಬೇಕೆಂಬುದನ್ನು ಮೊದಲು ಗೊತ್ತುಮಾಡುವುದು. ಅರಿತಿದ್ದಾನೆಂಬುದಕ್ಕೆ ಸಾಕ್ಷ್ಯ ಯಾವುದೆಂಬುದನ್ನು ಎರಡನೆಯದಾಗಿ ಗೊತ್ತುಮಾಡುವುದು. ಇವೆರಡೂ ಆದ ಮೇಲೆಯೇ ದಿನದಿನದ ಚಟುವಟಿಕೆಗಳನ್ನು ಯೋಚಿಸುವುದು, ಇದು ಅವರ ಕ್ರಮ. ಸಾಮಾನ್ಯವಾಗಿ ನಡೆಯುವುದು ಇದಕ್ಕೆ ವಿಪರೀತ. ಪುಟ ಹನ್ನೆರಡರಿಂದ ಪುಟ ಇಪ್ಪತ್ತರವರೆಗೆ ಮುಗಿಸುವುದು ಗುರಿಯಾಗುತ್ತದೆ. ಪ್ರಶ್ನಪತ್ರಿಕೆಯನ್ನು ಕಡೆಯ ದಿನ ಯೋಚಿಸಲಾಗುತ್ತದೆ. ಊರಿನ ಹೆಸರು ಗೊತ್ತಿಲ್ಲದೆ ಬಂಡಿ ಹೂಡಿದವನು ಎತ್ತುಗಳನ್ನು ದಣಿಸುತ್ತಾನೆಯೇ ಹೊರತು ಎಲ್ಲಿಗೂ ತಲುಪುವುದಿಲ್ಲ.

ತತ್ತ್ವವನ್ನಷ್ಟೇ ಹೇಳಿ ನಿಲ್ಲಿಸಿದರೆ ಅದು ಅಧ್ಯಾಪಕರಿಗೆ ಒದಗದು. ಚಿಗಟೇರಿಯ ಮಕ್ಕಳಿಗೆ ಸಲ್ಲುವ ಒಂದು ಘಟಕವನ್ನೇ ಉದಾಹರಣೆಯಾಗಿ ಕಟ್ಟಿ ನೋಡಬಹುದು. ಎಂಟನೆಯ ತರಗತಿ, ಮೂರು ವಾರಗಳ ಅವಧಿ, ಸಮಾಜ ವಿಜ್ಞಾನ ಮತ್ತು ಕನ್ನಡ ಅಧ್ಯಾಪಕರು ಜೊತೆಗೂಡಿ ನಡೆಸತಕ್ಕದ್ದು. ಘಟಕದ ಮುಖ್ಯ ಪ್ರಶ್ನೆ ಇದು: ಊರು ಇದ್ದಲ್ಲಿಯೇ ಇರಲು ಅದರ ಜಿಲ್ಲೆ ಏಕೆ ಬದಲಾಗುತ್ತದೆ, ಬದಲಾದರೆ ಯಾರಿಗೆ ಏನಾಗುತ್ತದೆ?

ಚಿಗಟೇರಿಯ ಮನೆಯೊಂದರಲ್ಲಿ 1950ರ ಸುಮಾರಿಗೆ ಹುಟ್ಟಿದ ಅಜ್ಜನಿದ್ದರೆ ಆತನು ಮದರಾಸು ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿದವನು. 1953ರ ಅಕ್ಟೋಬರ್ 1ರಂದು ಹರಪನಹಳ್ಳಿಯೂ ಸೇರಿದಂತೆ ಬಳ್ಳಾರಿ ಜಿಲ್ಲೆಯ ಕನ್ನಡ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಹೋದವು. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಹೊಸದಾಗಿ ರಚಿತವಾದ ದಾವಣಗೆರೆ ಜಿಲ್ಲೆಗೆ ಹರಪನಹಳ್ಳಿ ತಾಲ್ಲೂಕನ್ನು ಸೇರಿಸಲಾಯಿತು. 2018ರಲ್ಲಿ ಅದು ಮರಳಿ ಬಳ್ಳಾರಿಗೆ ಬಂದಿತು. 2021ರಲ್ಲಿ ವಿಜಯನಗರ ಜಿಲ್ಲೆ ಹುಟ್ಟಿದಾಗ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಸಪೇಟೆಗಳೊಡನೆ ಹರಪನಹಳ್ಳಿಯೂ ಅದರ ಪಾಲಾಯಿತು. 2012ರಲ್ಲಿ ಹುಟ್ಟಿದ ಬಾಲಕಿಯೊಬ್ಬಳು ಮನೆಯನ್ನು ಬದಲಿಸದೆ ಹತ್ತು ವರ್ಷ ತುಂಬುವುದರೊಳಗೆ ಮೂರು ಜಿಲ್ಲೆಗಳ ನಿವಾಸಿಯಾದಳು. ತನ್ನ ಬಾಳಿನಲ್ಲಿಯೇ ನಡೆದ ಈ ಇತಿಹಾಸವನ್ನು ಆಕೆಗೆ ಶಾಲೆಯು ಕಾಣಿಸಿಕೊಡದಿದ್ದರೆ, ಪಾಣಿಪತ್ತಿನ ಕದನಗಳ ಇಸವಿಗಳನ್ನು ಉರುಹೊಡೆಸಿ ಆಗುವ ಲಾಭವೇನು?

ಘಟಕದ ಮೊದಲ ದಿನ ಅಧ್ಯಾಪಕರು ಉಪನ್ಯಾಸ ಮಾಡತಕ್ಕದ್ದಲ್ಲ. ಮನೆಯಲ್ಲಿರುವ ಹಳೆಯ ಕಾಗದವೊಂದನ್ನು, ಪಡಿತರ ಚೀಟಿ, ಪಹಣಿ, ಶಾಲೆಯ ವರ್ಗಾವಣೆ ಪತ್ರ, ಲಗ್ನಪತ್ರಿಕೆ ಯಾವುದಾದರೂ ಸರಿ, ನೋಡಿ ಅದರಲ್ಲಿರುವ ಜಿಲ್ಲೆಯ ಹೆಸರನ್ನೂ ಇಸವಿಯನ್ನೂ ಬರೆದು ತರುವಂತೆ ಹೇಳಿದರೆ ಸಾಕು. ಮೂಲಪತ್ರವನ್ನು ತರುವುದು ಬೇಡ. ಮನೆಯ ಗುಟ್ಟು ತರಗತಿಯಲ್ಲಿ ಬಯಲಾಗಬಾರದು. ಕಾಗದವೇ ಇಲ್ಲದ ಮನೆಯ ಮಗು ಅಜ್ಜಿಯ ನೆನಪನ್ನು ಕೇಳಿ ಬರಲಿ, ಅದೂ ಪ್ರಮಾಣವೇ. ಮರುದಿನ ಕರಿಹಲಗೆಯ ಮೇಲೆ ಇಸವಿಗಳನ್ನು ಸಾಲಾಗಿ ಬರೆದಾಗ ಒಂದೇ ಊರಿಗೆ ಮೂರು ಜಿಲ್ಲೆಗಳ ಹೆಸರು ಕಾಣಿಸಿಕೊಳ್ಳುತ್ತದೆ. ಆಗ ತರಗತಿಯಲ್ಲಿ ಏಳುವ ಪ್ರಶ್ನೆಯನ್ನು ಅಧ್ಯಾಪಕರು ಎಬ್ಬಿಸಬೇಕಾಗಿಲ್ಲ. ಅದು ತಾನಾಗಿ ಏಳುತ್ತದೆ.

ಎರಡನೆಯ ವಾರ ನಕ್ಷೆಗೆ ಮೀಸಲು. ಚಿಗಟೇರಿಯಿಂದ ದಾವಣಗೆರೆಗೆ, ಬಳ್ಳಾರಿಗೆ, ಹೊಸಪೇಟೆಗೆ ಇರುವ ದೂರವನ್ನು ಮಾನದಂಡದ ಸಹಾಯದಿಂದ ಅಳೆದು, ಬಸ್ಸಿನ ದರವನ್ನೂ ಹಿಡಿಯುವ ಹೊತ್ತನ್ನೂ ವಿಚಾರಿಸಿ ಪಟ್ಟಿ ಮಾಡಿದರೆ ಗಣಿತವೂ ಬೆರೆಯುತ್ತದೆ. ದಾವಣಗೆರೆಯೇ ಹತ್ತಿರವೆಂದು ತಿಳಿದ ಮೇಲೆ, ಹತ್ತಿರದ ಊರನ್ನು ಬಿಟ್ಟು ಬಳ್ಳಾರಿಗೆ ಮರಳಬೇಕೆಂದು ಜನರು ಏಕೆ ಬಯಸಿದರೆಂಬ ಸಂಶಯ ಹುಟ್ಟುತ್ತದೆ. ಆಗ ಸಂವಿಧಾನದ 371(ಜೆ) ವಿಧಿಯ ವಿಚಾರವನ್ನು ತರಬಹುದು. 2013ರಲ್ಲಿ ಹೈದರಾಬಾದ್ ಕರ್ನಾಟಕಕ್ಕೆ, ಬಳ್ಳಾರಿ ಜಿಲ್ಲೆಯೂ ಸೇರಿದಂತೆ, ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲಾತಿಯ ವಿಶೇಷ ಸೌಲಭ್ಯ ದೊರೆತಾಗ ಹರಪನಹಳ್ಳಿಯು ದಾವಣಗೆರೆ ಜಿಲ್ಲೆಯಲ್ಲಿದ್ದುದರಿಂದ ಹೊರಗುಳಿಯಿತು. ಜಿಲ್ಲೆಯ ಗೆರೆಯೊಂದು ಎತ್ತ ಹಾಯುತ್ತದೆಯೆಂಬುದು ಬಡವರ ಮನೆಯ ಮಗನೊಬ್ಬನಿಗೆ ವೈದ್ಯಕೀಯ ಕಾಲೇಜಿನಲ್ಲಿ ಸ್ಥಳ ಸಿಕ್ಕುವುದನ್ನೋ ಸಿಕ್ಕದಿರುವುದನ್ನೋ ನಿರ್ಧರಿಸಬಲ್ಲುದೆಂದು ತಿಳಿದ ವಿದ್ಯಾರ್ಥಿಗೆ 'ಸಂವಿಧಾನ' ಎಂಬ ಶಬ್ದವು ಎಂದೆಂದಿಗೂ ನಿರ್ಜೀವವಾಗಿ ಕಾಣದು.

ಮೂರನೆಯ ವಾರದಲ್ಲಿ ಮೀಮಾಂಸಕರ ಅಧಿಕರಣ ಕ್ರಮವನ್ನು ಅನುಸರಿಸಬಹುದು. ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಅದಕ್ಕೆ ಐದು ಅಂಗಗಳು. ತರಗತಿಯ ಅರ್ಧ ಭಾಗ ದಾವಣಗೆರೆಯ ಪಕ್ಷವನ್ನೂ ಉಳಿದರ್ಧ ಬಳ್ಳಾರಿ, ವಿಜಯನಗರಗಳ ಪಕ್ಷವನ್ನೂ ಹಿಡಿದು ವಾದಿಸಲಿ. ಮರುದಿನ ಪಕ್ಷಗಳನ್ನು ಅದಲುಬದಲು ಮಾಡಬೇಕು. ಎದುರಾಳಿಯ ಮಾತನ್ನು ಅವನಿಗಿಂತ ಚೆನ್ನಾಗಿ ಮಂಡಿಸಲಾರದವನಿಗೆ ಸಿದ್ಧಾಂತವನ್ನು ನುಡಿಯುವ ಯೋಗ್ಯತೆಯಿಲ್ಲವೆಂಬುದು ಶಾಸ್ತ್ರದ ಶಿಸ್ತು. ಕೊನೆಗೆ ಪ್ರತಿಯೊಬ್ಬ ವಿದ್ಯಾರ್ಥಿಯೂ ಜಿಲ್ಲಾಧಿಕಾರಿಗಳಿಗೆ ಒಂದು ಮನವಿ ಪತ್ರವನ್ನು ಬರೆಯಬೇಕು. ಅದರಲ್ಲಿ ತನ್ನ ಊರಿಗೆ ಬೇಕಾದ ಒಂದು ಸೌಕರ್ಯವನ್ನು ಕಾರಣ, ಪ್ರಮಾಣಗಳೊಡನೆ ಕೇಳಬೇಕು. ಈ ಪತ್ರವೇ ಘಟಕದ ಸಾಕ್ಷ್ಯ. ಇಸವಿಗಳನ್ನು ಒಪ್ಪಿಸಿದನೇ ಎಂಬುದಕ್ಕಿಂತ, ಕಾರಣವನ್ನು ತೂಗಿ ನೋಡಿದನೇ ಎಂಬುದಕ್ಕೆ ಅಂಕಗಳು. ಪತ್ರಲೇಖನವೂ ಪ್ರಬಂಧವೂ ಸಾರ್ವಜನಿಕ ಪರೀಕ್ಷೆಯಲ್ಲಿ ಬರತಕ್ಕವೇ ಆದುದರಿಂದ ಪರೀಕ್ಷೆಗೂ ಇದರಿಂದ ನಷ್ಟವಿಲ್ಲ.

ಇದೇ ರೀತಿಯಲ್ಲಿ ಗಣಿತದ ಅಧ್ಯಾಪಕರು ವಿಸ್ತೀರ್ಣದ ಘಟಕವನ್ನು ಆಟದ ಬಯಲಿನಿಂದ ಆರಂಭಿಸಬಹುದು. ನಲವತ್ತು ಗುಂಟೆಗೆ ಒಂದು ಎಕರೆಯೆಂದು ರೈತರ ಮಕ್ಕಳು ಬಲ್ಲರು. ಒಂದು ಗುಂಟೆಯೆಂದರೆ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ಚೌಕ, ಅಂದರೆ 1089 ಚದರಡಿ ಎಂಬುದನ್ನು ಸುಣ್ಣದ ಗೆರೆಯೆಳೆದು ತೋರಿಸಿದರೆ, ಮನೆಯ ಪಹಣಿಯಲ್ಲಿರುವ ಅಂಕೆಯು ಕಣ್ಣೆದುರಿನ ನೆಲವಾಗುತ್ತದೆ. ಮೆಕ್ಕೆಜೋಳದ ಹೊಲವು ನೇರ ಚೌಕವಾಗಿರುವುದಿಲ್ಲವೆಂದು ಯಾವನಾದರೊಬ್ಬ ಹುಡುಗನು ಆಕ್ಷೇಪಿಸಿಯೇ ತೀರುತ್ತಾನೆ; ತ್ರಿಭುಜದ ಪಾಠಕ್ಕೆ ಅದೇ ಬಾಗಿಲು.

ವ್ಯಾಕರಣದ ವಿಷಯದಲ್ಲಿಯೂ ಮಾತು ಬೇರಲ್ಲ. ಸಂಧಿಯ ಲಕ್ಷಣವನ್ನು ಮೊದಲು ಬರೆಸಿ, ಎರಡು ಉದಾಹರಣೆಗಳನ್ನು ಕೊಟ್ಟು ಮುಗಿಸುವುದು ರೂಢಿ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಸೂತ್ರ, ವೃತ್ತಿ, ಪ್ರಯೋಗ ಎಂಬ ಕ್ರಮವನ್ನಿರಿಸಿದನೆಂಬುದು ನಿಜ. ಆದರೆ ಬರೆಯುವುದಕ್ಕೆ ಮೊದಲು ಅವನು ಪೂರ್ವಕವಿಗಳ ಪ್ರಯೋಗಗಳನ್ನೆಲ್ಲ ಸೋಸಿ ನೋಡಿದ್ದನು. ಪ್ರಯೋಗದಿಂದ ಸೂತ್ರ ಹುಟ್ಟಿತು. ಗ್ರಂಥದ ಕ್ರಮವೊಂದು, ಕಲಿಕೆಯ ಕ್ರಮವೊಂದು. ಮಳೆಗಾಲ, ಬೆಟ್ಟದಾವರೆ, ಕಂಬನಿ ಇಂಥ ಶಬ್ದಗಳನ್ನು ವಿದ್ಯಾರ್ಥಿಗಳೇ ಕಲೆಹಾಕಿ, ಬಿಡಿಸಿ, ಕಕಾರವು ಗಕಾರವಾಗುವುದನ್ನೂ ತಕಾರವು ದಕಾರವಾಗುವುದನ್ನೂ ಪಕಾರವು ಬಕಾರವಾಗುವುದನ್ನೂ ತಾವೇ ಗುರುತಿಸಿದ ಮೇಲೆ ಆದೇಶಸಂಧಿಯೆಂಬ ಹೆಸರನ್ನು ಕೊಡುವುದು ಉಚಿತ. ಹೆಸರು ಕೊನೆಗೆ ಬಂದರೆ ಅದು ಪ್ರಶಸ್ತಿಯಂತೆ ಸಲ್ಲುತ್ತದೆ. ಮೊದಲೇ ಬಂದರೆ ದಂಡದಂತೆ ಬೀಳುತ್ತದೆ.

ಆಸಕ್ತಿಯೆಂದರೆ ಮನರಂಜನೆಯೆಂದು ತಿಳಿಯುವುದು ಈ ಕಾಲದ ಮತ್ತೊಂದು ಭ್ರಮೆ. ಸ್ಮಾರ್ಟ್ ಬೋರ್ಡಿನ ಮೇಲೆ ಚಲಿಸುವ ಚಿತ್ರಗಳನ್ನು ತೋರಿಸಿದರೆ ಮಕ್ಕಳು ಸದ್ದಿಲ್ಲದೆ ಕುಳಿತಿರುತ್ತಾರೆಂಬುದು ದಿಟ. ಆದರೆ ಕಣ್ಣು ತೊಡಗಿದ ಮಾತ್ರಕ್ಕೆ ಬುದ್ಧಿ ತೊಡಗಿತೆಂದಲ್ಲ. ಬಗೆಹರಿಯದ ಸಂಶಯವೊಂದು ಮನಸ್ಸನ್ನು ಕೊರೆಯುವಾಗ ಹುಟ್ಟುವ ಏಕಾಗ್ರತೆಯೇ ನಿಜವಾದ ಆಸಕ್ತಿ. ಉಪಕರಣಗಳು ಅದಕ್ಕೆ ಸಹಾಯಕವಾದರೆ ಸ್ವಾಗತಾರ್ಹ; ಅದರ ಸ್ಥಾನವನ್ನೇ ಆಕ್ರಮಿಸಿದರೆ ಸಲ್ಲದು.

ಇಷ್ಟನ್ನೆಲ್ಲ ಮಾಡಲು ಸಮಯವೆಲ್ಲಿದೆ, ಪಠ್ಯಕ್ರಮವನ್ನು ಮುಗಿಸುವುದು ಹೇಗೆ ಎಂಬ ಆಕ್ಷೇಪವು ಅಧ್ಯಾಪಕರಿಂದ ಬರುವುದು ಸಹಜ. ಅದು ನ್ಯಾಯವಾದ ಆಕ್ಷೇಪವೂ ಹೌದು. ಎಲ್ಲ ಪಾಠಗಳನ್ನೂ ಹೀಗೆ ಕಟ್ಟಬೇಕೆಂದು ಹೇಳುವುದು ಕಾರ್ಯಸಾಧ್ಯವಲ್ಲ. ಒಬ್ಬ ಅಧ್ಯಾಪಕರು ವರ್ಷಕ್ಕೆ ಎರಡು ಘಟಕಗಳನ್ನು ಮಾತ್ರ ಇಂಥ ಶ್ರದ್ಧೆಯಿಂದ ಸಿದ್ಧಪಡಿಸಲಿ. ಉಳಿದವು ಈಗಿನಂತೆಯೇ ನಡೆಯಲಿ. ಐದು ವರ್ಷಗಳಲ್ಲಿ ಹತ್ತು ಘಟಕಗಳಾಗುತ್ತವೆ. ಹತ್ತು ಅಧ್ಯಾಪಕರಿರುವ ಶಾಲೆಯಲ್ಲಿ ನೂರಾಗುತ್ತವೆ. ಒಬ್ಬರು ನಿವೃತ್ತರಾದರೂ ಅತಿಥಿ ಶಿಕ್ಷಕರಾಗಿ ಹೊಸದಾಗಿ ಬಂದವರಿಗೆ ಆ ಸಂಪತ್ತು ಉಳಿದಿರುತ್ತದೆ.

ಇದು ಕೇವಲ ಕನಸಲ್ಲವೆಂಬುದಕ್ಕೆ ಕರ್ನಾಟಕದಲ್ಲಿಯೇ ಪ್ರಮಾಣವಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ 'ನಲಿ-ಕಲಿ' ಯೋಜನೆಯ ಹಿಂದೆ ಇದ್ದವರು ಸಾಮಾನ್ಯ ಪ್ರಾಥಮಿಕ ಶಾಲಾ ಅಧ್ಯಾಪಕರು. ಅವರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಗ್ರಾಮೀಣ ಶಾಲೆಗಳ ಕ್ರಮವನ್ನು ನೋಡಿ ಬಂದು, ಪಠ್ಯವನ್ನು ಮೆಟ್ಟಿಲುಗಳಾಗಿಯೂ ಕಾರ್ಡುಗಳಾಗಿಯೂ ವಿಂಗಡಿಸಿ, ಮಗು ತನ್ನ ವೇಗದಲ್ಲಿ ಏರುವ ವ್ಯವಸ್ಥೆಯನ್ನು ಮಾಡಿದರು. 2009ರಿಂದಾಚೆಗೆ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ವ್ಯಾಪಿಸಿತು. ತಾನೇ ಕಟ್ಟಿದವನಿಗೆ ಇರುವ ಮಮತೆಯು ಆಜ್ಞೆಯ ಮೂಲಕ ಪಡೆದವನಿಗೆ ಬರುವುದು ಕಷ್ಟವೆಂಬುದನ್ನೂ ಆ ಯೋಜನೆಯಿಂದ ಕಲಿಯಬೇಕು. ಆದುದರಿಂದ ಸಿದ್ಧ ಘಟಕಗಳನ್ನು ಹಂಚುವುದರಿಂದ ಕಾರ್ಯವಾಗದು. ಕಟ್ಟುವ ಅವಕಾಶವನ್ನು ಹಂಚಬೇಕು.

ಈ ಸಂದರ್ಭದಲ್ಲಿ ಆಡಳಿತ ಮಂಡಳಿಗೂ ದಾನಿಗಳಿಗೂ ಎರಡು ಮಾತುಗಳನ್ನು ನಿವೇದಿಸುವುದು ಅನುಚಿತವಾಗಲಾರದು. ಮಠಗಳು ನಡೆಸುವ ಶಾಲೆಗಳಿಗೆ ಉದಾರಿಗಳ ಕೊರತೆ ಎಂದೂ ಆಗಿಲ್ಲ. ಕೊಠಡಿ, ಕಟ್ಟಡ, ಬೆಂಚು, ಕುಡಿಯುವ ನೀರಿನ ತೊಟ್ಟಿ ಇವುಗಳ ಮೇಲೆಲ್ಲ ದಾನಿಗಳ ಹೆಸರುಗಳಿವೆ, ಇರತಕ್ಕದ್ದೇ. ಆದರೆ ಅಧ್ಯಾಪಕರಿಗೆ ಯೋಚಿಸಲು ಬೇಕಾದ ಸಮಯವನ್ನು ದಾನವಾಗಿ ಕೊಟ್ಟವರ ಹೆಸರು ಯಾವ ಕಲ್ಲಿನ ಮೇಲೂ ಕಾಣುವುದಿಲ್ಲ. ಮೇ ತಿಂಗಳ ಕೊನೆಯಲ್ಲಿ ಶಾಲೆ ತೆರೆಯುವ ಮೊದಲು ಐದು ದಿನಗಳ ಕಾಲ ಅಧ್ಯಾಪಕರೆಲ್ಲ ಒಂದೆಡೆ ಕುಳಿತು ಘಟಕಗಳನ್ನು ಕಟ್ಟಲು, ಆ ದಿನಗಳಿಗೆ ಸಂಭಾವನೆ, ದಾಸೋಹ, ಪುಸ್ತಕಗಳ ಏರ್ಪಾಡನ್ನು ಮಾಡಿದರೆ, ಒಂದು ಕೊಠಡಿಯ ವೆಚ್ಚದಲ್ಲಿ ಅನೇಕ ವರ್ಷಗಳ ವಿದ್ಯಾದಾನವಾಗುತ್ತದೆ. ಹತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವಿರುವ ಬಾಗಳಿಗೋ, ನೊಳಂಬರ ಕಾಲದಿಂದ ಹೆಸರಾದ ಉಚ್ಚಂಗಿದುರ್ಗಕ್ಕೋ, 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಂಕಸಮುದ್ರದ ಪಕ್ಷಿಧಾಮಕ್ಕೋ ವಿದ್ಯಾರ್ಥಿಗಳನ್ನು ಕರೆದೊಯ್ಯುವ ಬಸ್ಸಿನ ಬಾಡಿಗೆಯೂ ಅಷ್ಟೇ ಪುಣ್ಯದ ಬಾಬ್ತು.

ಹಳೆಯ ವಿದ್ಯಾರ್ಥಿಗಳು ಹಣವನ್ನೇ ಕೊಡಬೇಕೆಂದಿಲ್ಲ. ಅವರಲ್ಲಿ ಭೂಮಾಪಕರಿದ್ದಾರೆ, ದಾದಿಯರಿದ್ದಾರೆ, ಲಾರಿ ಚಾಲಕರಿದ್ದಾರೆ, ವಕೀಲರಿದ್ದಾರೆ. ಘಟಕವೊಂದಕ್ಕೆ ತಕ್ಕಂತೆ ಅವರಲ್ಲೊಬ್ಬರು ಬಂದು ಒಂದು ಗಂಟೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹೋದರೆ ಗುರುಋಣ ಸ್ವಲ್ಪಮಟ್ಟಿಗೆ ತೀರಿದಂತೆ. ಆಡಳಿತದವರು ಯೋಜನೆಯ ಪುಸ್ತಕದ ಪುಟಗಳನ್ನು ಎಣಿಸುವುದನ್ನು ಬಿಟ್ಟು, ತರಗತಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಎಣಿಸತೊಡಗಿದರೆ ಅರ್ಧ ಕಾರ್ಯ ಆದಂತೆಯೇ ಸರಿ.

ಬರ ಬಿದ್ದ ವರ್ಷಗಳಲ್ಲಿ ದುಡಿಮೆಯನ್ನು ಹುಡುಕಿ ಬೆಂಗಳೂರಿನ ಹಾದಿ ಹಿಡಿಯುವ ಕುಟುಂಬಗಳು ಈ ಸೀಮೆಯಲ್ಲಿ ಇನ್ನೂ ಇವೆ. ಅಂಥ ಮನೆಯ ಮಗು ಎರಡು ತಿಂಗಳು ತಪ್ಪಿಸಿಕೊಂಡು ಮರಳಿ ಬಂದಾಗ, ಬಿಡಿ ಪಾಠಗಳ ಶಾಲೆಯಲ್ಲಿ ಅದಕ್ಕೆ ಹಿಂದಿನದೆಲ್ಲ ಕಳೆದುಹೋದ ಪುಟಗಳು. ಘಟಕಗಳ ಶಾಲೆಯಲ್ಲಿಯಾದರೋ, ಹೊಸ ಘಟಕದ ಮೊದಲ ದಿನ ಅಧ್ಯಾಪಕರು ಎಲ್ಲರನ್ನೂ ಕೇಳುವಂತೆ ಆ ಮಗುವನ್ನೂ ಕೇಳುತ್ತಾರೆ: ನಿನಗೆ ತಿಳಿದಿರುವುದೇನು? ಕಟ್ಟಡದ ಕೆಲಸದಲ್ಲಿ ಕಂಡ ಅಳತೆಗಳನ್ನು, ನಗರದಲ್ಲಿ ಕೇಳಿದ ನಾಲ್ಕು ಭಾಷೆಗಳನ್ನು ಅದು ಹೇಳತೊಡಗುತ್ತದೆ. ಅಂಥ ಮಗುವು ಶಾಲೆಯಲ್ಲಿ ಉಳಿಯುವುದೂ ಅಳಿಯುವುದೂ ಎಷ್ಟೋ ವೇಳೆ ಆ ಒಂದು ಪ್ರಶ್ನೆಯನ್ನು ಯಾರಾದರೂ ಕೇಳಿದರೇ ಇಲ್ಲವೇ ಎಂಬುದನ್ನು ಅವಲಂಬಿಸಿರುತ್ತದೆ. ಆ ಪ್ರಶ್ನೆಯನ್ನು ಕೇಳಲು ಪುರುಸೊತ್ತೂ ಸಿದ್ಧತೆಯೂ ಇರುವ ಅಧ್ಯಾಪಕ ವೃಂದವನ್ನು ಪೋಷಿಸುವುದು ಶಾಲೆಯನ್ನು ಪ್ರೀತಿಸುವ ಎಲ್ಲರ ಕರ್ತವ್ಯವಾಗಿದೆ.